ಬ್ಲೀಡರ್‌ಗೆ ಸ್ಪ್ಯಾನರ್ ಹಾಕುವ ಮೊದಲು

ಹಳೇ ಮಾರುತಿ 800. ಜಾಬ್ ಕಾರ್ಡ್‌ನಲ್ಲಿ ಬರೆದಿದ್ದು “ಬ್ರೇಕ್ ಎಳೆತ” ಅಂತ ಎರಡೇ ಪದ. ಬೇರೆ ಕಡೆ ಅಲೈನ್‌ಮೆಂಟ್ ಮಾಡಿಸಿ, ಮುಂದಿನ ಎಡ ಕ್ಯಾಲಿಪರ್‌ಗೆ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತಿ ಹಿಡಿಯುವ ಭಾಗ) ಹೊಸ ಸೀಲ್ ಕಿಟ್, ಹೊಸ ಪ್ಯಾಡ್ ಹಾಕಿಸಿಯೂ ಆಗಿತ್ತು. ಕಾರಿನವರು ಕೌಂಟರ್‌ನಲ್ಲಿ ಹೇಳಿದ ಒಂದು ಮಾತು ಮಾತ್ರ ಕಾರ್ಡ್‌ಗೆ ಇಳಿದಿರಲಿಲ್ಲ: ಒತ್ತಿದ ತಕ್ಷಣ ಬಲಕ್ಕೆ ಎಳೆಯುತ್ತೆ, ಕಾಲು ತೆಗೆದ ಮೇಲೆ ಎಡಕ್ಕೆ. ಕಾರ್ಡ್ ಬರೆಯುವ ಅಡ್ವೈಸರ್ ಅಷ್ಟು ಬರೆದಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು. ಎಡ ಚಕ್ರಕ್ಕೆ ಪ್ರೆಶರ್ ತಡವಾಗಿ ಹೋಗುತ್ತಿದೆ, ತಡವಾಗಿ ವಾಪಸ್ ಬರುತ್ತಿದೆ ಅಂತಲೇ ಅದರರ್ಥ.

ಗೇಟಿನಿಂದ ಸಿಗ್ನಲ್‌ವರೆಗೆ ಹೋಗಿ ಬರುವ ಟ್ರಯಲ್‌ನಲ್ಲಿ ಈ ಕಂಪ್ಲೇಂಟ್ ಸಿಗಲ್ಲ. ಹತ್ತು ಕಿಲೋಮೀಟರಾದರೂ ಓಡಿಸಿ, ಕೊನೆಯ ಸ್ವಲ್ಪ ದೂರ ಆದಷ್ಟೂ ಬ್ರೇಕ್ ಮುಟ್ಟದೆ ಬರಬೇಕು. ಡಿಸ್ಕ್ ಮೇಲೆ ನೀರು ಚಿಮುಕಿಸಿದಾಗ ಒಂದು ಕಡೆ ಮಾತ್ರ ಚುರ್ ಅಂದರೆ ಅದೇ ಹಿಡಿದಿರೋ ಚಕ್ರ. ಎರಡೂ ಕಡೆ ಅಂದರೆ ಚಕ್ರದ ಹತ್ತಿರ ಹುಡುಕಬೇಡಿ. ಪೆಡಲ್ ಫ್ರೀ ಪ್ಲೇ, ಅಂದರೆ ಒತ್ತಿದಾಗ ಮೊದಲು ಸಿಗುವ ಸಡಿಲ, ನೋಡಿ. ಬ್ರೇಕ್ ಲೈಟ್ ಸ್ವಿಚ್ ಜಾಸ್ತಿ ಮುಂದೆ ಕೂತಿದ್ದರೂ, ಬೂಸ್ಟರ್ ಪುಶ್ ರಾಡ್ ಉದ್ದವಾಗಿದ್ದರೂ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ) ಪಿಸ್ಟನ್ ಪೂರ್ತಿ ಹಿಂದೆ ಬರಲ್ಲ. ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಂಡೇ ಇರುತ್ತೆ. ಬಿಸಿಗೆ ಆಯಿಲ್ ಹಿಗ್ಗಿದಷ್ಟೂ ಬ್ರೇಕ್ ತಾನಾಗೇ ಬಿಗಿಯುತ್ತೆ.

ಒಂದೇ ಚಕ್ರ ಆದರೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಹೆಲ್ಪರ್ ಕೈಲಿ ಪೆಡಲ್ ಜೋರಾಗಿ ಒತ್ತಿಸಿ ಬಿಡಿಸಿ. ಚಕ್ರ ಕೈಗೆ ತಿರುಗದಿದ್ದಾಗ ಎಲ್ಲರ ಸ್ಪ್ಯಾನರ್ ಸೀದಾ ಹೋಗೋದು ಬ್ಲೀಡರ್ ನಿಪ್ಪಲ್‌ಗೆ, ಅಂದರೆ ಕ್ಯಾಲಿಪರ್ ಮೇಲೆ ಏರ್ ತೆಗೆಯಲು ಇರುವ ಸಣ್ಣ ಸ್ಕ್ರೂಗೆ. ಅದನ್ನೇ ಮೊದಲು ಬಿಚ್ಚಿದರೆ ಚಕ್ರ ಬಿಡುತ್ತೆ ನಿಜ, ತಪ್ಪು ಮಾಸ್ಟರ್ ಸಿಲಿಂಡರ್‌ದೋ ಹೋಸ್‌ದೋ (ಕ್ಯಾಲಿಪರ್‌ಗೆ ಆಯಿಲ್ ಒಯ್ಯುವ ರಬ್ಬರ್ ಪೈಪ್) ಅನ್ನೋ ಸಾಕ್ಷಿಯೂ ಅದರ ಜೊತೆಗೇ ಸುರಿದು ಹೋಗುತ್ತೆ. ಮೊದಲು ಕಬ್ಬಿಣದ ಪೈಪ್ ಹೋಸ್‌ಗೆ ಸೇರುವ ನಟ್ ಸಡಿಲಿಸಿ. ನಟ್ಟನ್ನು ಬಹುತೇಕ ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರೇ ಬೇಕು, ಸಾದಾ ಓಪನ್ ಸ್ಪ್ಯಾನರ್‌ಗೆ ಹಳೇ ನಟ್‌ನ ಮೂಲೆ ಸವೆದುಬಿಡುತ್ತೆ. ಇಲ್ಲಿ ಚಕ್ರ ಬಿಟ್ಟರೆ ತಪ್ಪು ಮಾಸ್ಟರ್ ಸಿಲಿಂಡರ್ ಕಡೆ.

ಈ 800ರಲ್ಲಿ ನಟ್ ಕಾಲು ಸುತ್ತು ತಿರುಗಿ ಎರಡು ಹನಿ ತೊಟ್ಟಿಕ್ಕಿತು. ಚಕ್ರ ಅಲ್ಲಾಡಲಿಲ್ಲ. ಆ ನಟ್ ಬಿಗಿ ಮಾಡಿ ಬ್ಲೀಡರ್ ಬಿಚ್ಚಿದಾಗ ಕಪ್ಪು ಆಯಿಲ್ ಚಿಮ್ಮಿ, ಚಕ್ರ ಸಲೀಸಾಗಿ ತಿರುಗಿತು. ತಪ್ಪು ಹೋಸ್‌ದೇ. ಎರಡು ಕಡೆ ಬಿಚ್ಚಿದರೂ ಬಿಡದಿದ್ದರೆ ಮಾತ್ರ ಕ್ಯಾಲಿಪರ್ ಪಿಸ್ಟನ್, ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ನೋಡಬೇಕು.

ಹೊರಗಿನಿಂದ ಆ ಹೋಸ್‌ನಲ್ಲಿ ಒಂದು ಬಿರುಕೂ ಇರಲಿಲ್ಲ. ಬ್ಲೇಡ್‌ನಲ್ಲಿ ಉದ್ದಕ್ಕೆ ಸೀಳಿದಾಗ ಒಳಪದರ ಎದ್ದು, ನಾಲಗೆಯಂತೆ ದಾರಿಗೆ ಅಡ್ಡ ಬಿದ್ದಿತ್ತು. ಕಾಲಿನ ಒತ್ತಡ ಅದನ್ನು ತಳ್ಳಿಕೊಂಡು ಹೋಗುತ್ತೆ, ಆದರೆ ಪಿಸ್ಟನ್ನನ್ನು ಹಿಂದೆಳೆಯೋದು ಸೀಲ್‌ನ ಸಣ್ಣ ಸೆಳೆತ ಮಾತ್ರ, ಅದಕ್ಕೆ ಅಷ್ಟು ಬಲ ಇಲ್ಲ. ವಯಸ್ಸಾದ ರಬ್ಬರ್ ಹೀಗಾಗುತ್ತೆ, ಬ್ರೇಕ್ ಆಯಿಲ್‌ಗೆ ಮಿನರಲ್ ಆಯಿಲ್ (ಇಂಜಿನ್ ಆಯಿಲ್‌ನಂಥದ್ದು) ಬೆರೆತರೂ ಆಗುತ್ತೆ. ಪ್ಯಾಡ್ ಬದಲಿಸುವಾಗ ಕ್ಯಾಲಿಪರನ್ನು ಹೋಸ್‌ನಲ್ಲೇ ನೇತಾಡಲು ಬಿಡೋದೂ ಇದಕ್ಕೆ ಕಾರಣ. ತಂತಿ ಕಟ್ಟಿ ತೂಗುಹಾಕಲು ಅರ್ಧ ನಿಮಿಷವೂ ಬೇಡ.

ಎಡ, ಬಲ ಎರಡೂ ಕಡೆಯ ಹೋಸ್ ಬದಲಿಸಿ, ಡಾಟ್ 3 ಬ್ರೇಕ್ ಆಯಿಲ್ ಹೊಸದಾಗಿ ತುಂಬಿ ಏರ್ ತೆಗೆಯಿರಿ. ಗಾಡಿ ಹೊರಗೆ ಬಿಡುವ ಮೊದಲು ಸ್ಟೇರಿಂಗ್ ಈ ತುದಿಯಿಂದ ಆ ತುದಿಗೆ ತಿರುಗಿಸಿ, ಹೋಸ್ ಟೈರ್‌ಗಾಗಲಿ ಸ್ಟ್ರಟ್‌ಗಾಗಲಿ ಉಜ್ಜುತ್ತಿಲ್ಲ ಅಂತ ಕೆಳಗೆ ಬಗ್ಗಿ ನೋಡಿ.