ಮಾತ್ರೆ ಬಿಟ್ಟು ಊಟದಲ್ಲೇ ವಾಸಿ ಮಾಡಬಾರದೇ?

ಚಿಂತಾಮಣಿಯಲ್ಲಿ ನೆಂಟರ ಮದುವೆಗೆ ಹೋದರೆ ಸಾಕು, ಎಲೆಗೆ ಉಪ್ಪು ಬೀಳುವ ಮೊದಲೇ ಯಾರಾದರೂ ಕೇಳುತ್ತಾರೆ: "ತಮ್ಮನಿಗೆ ಇನ್ನೂ ಆ ಮಾತ್ರೆ ಏಕಮ್ಮಾ? ವಿಟಮಿನ್ನು, ಪಥ್ಯ ಎಂದು ಮಾಡಿದರೆ ಸ್ಕಿಜೋಫ್ರೇನಿಯಾ ವಾಸಿಯಾಗುವುದಿಲ್ಲವೇ?"

ಸ್ಕಿಜೋಫ್ರೇನಿಯಾ ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ ಶಂಕೆ ಬಲವಾಗಿ ಹಿಡಿಯುವ ಮನೋರೋಗ. ಪ್ರಶ್ನೆ ಹುರುಳಿಲ್ಲದ್ದೇನಲ್ಲ. ಊಟದಲ್ಲಿ ನಯಾಸಿನ್, ಅಂದರೆ ಬಿ3 ವಿಟಮಿನ್, ತೀರಾ ಕಡಿಮೆಯಾದರೆ ಪೆಲಾಗ್ರ ಬರುತ್ತದೆ. ಚರ್ಮ ಕಪ್ಪಾಗಿ ಒಡೆಯುತ್ತದೆ, ಭೇದಿ ಹತ್ತುತ್ತದೆ, ಕೊನೆಗೆ ಬುದ್ಧಿಯೂ ಕೆಡುತ್ತದೆ. ನಯಾಸಿನ್ ಕೊಟ್ಟರೆ ಇಳಿಯುತ್ತದೆ. ಹಾಗಾದರೆ ಸ್ಕಿಜೋಫ್ರೇನಿಯಾಕ್ಕೂ ಏಕಾಗಬಾರದು ಎಂದು 1950ರ ದಶಕದಲ್ಲಿ ಕೆನಡಾದಲ್ಲಿ ಮನೋವೈದ್ಯರಾದ ಏಬ್ರಮ್ ಹಾಫರ್ ಮತ್ತು ಹಂಫ್ರಿ ಆಸ್ಮಂಡ್ ರೋಗಿಗಳಿಗೆ ದಿನಕ್ಕೆ ಗ್ರಾಂಗಟ್ಟಲೆ ಕೊಟ್ಟು ನೋಡಿದರು. ನಮಗೆ ದಿನಕ್ಕೆ ಬೇಕಾದದ್ದು ಸುಮಾರು 15 ಮಿಲಿಗ್ರಾಂ! ಗುಣವಾಯಿತು ಎಂದು ಅವರು ಬರೆದರು. ನೊಬೆಲ್ ಪಡೆದ ಲೈನಸ್ ಪಾಲಿಂಗ್ ಕೂಡ 1968ರಲ್ಲಿ ಬೆನ್ನಿಗೆ ನಿಂತರು. ಬೇರೆಯವರು ಪರೀಕ್ಷಿಸಿದಾಗ ಆ ಫಲ ಕಾಣಲಿಲ್ಲ. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ತಂಡ ಅದನ್ನು ತಳ್ಳಿಹಾಕಿತು. ಅಷ್ಟು ನಯಾಸಿನ್ ಯಕೃತ್ತಿಗೂ ಒಳ್ಳೆಯದಲ್ಲ. ಬಿ12 ಕೊರತೆಯಿಂದಲೂ ಭ್ರಮೆ ಬರಬಹುದು, ಅದಕ್ಕೆ ರಕ್ತಪರೀಕ್ಷೆಯಿದೆ. ತಮ್ಮನಿಗೆ ಮಾಡಿಸಿದೆವು, ಕೊರತೆಯಿರಲಿಲ್ಲ.

ಇಷ್ಟು ಓದಿಕೊಳ್ಳುವ ಮುಂಚೆ ನಾನೂ ಒಬ್ಬರ ಮಾತು ಕೇಳಿ ಮಾತ್ರೆ ನಿಲ್ಲಿಸಿ, ಪೊಟ್ಟಣದ ಪುಡಿ ಕೊಟ್ಟಿದ್ದೆ. ಮೊದಲು ಗೆಲುವಾಗಿದ್ದ. ಎರಡನೆಯ ತಿಂಗಳು ಊಟ ಬಿಟ್ಟ. "ಅಕ್ಕಾ, ಇದರಲ್ಲಿ ವಿಷ ಹಾಕಿದ್ದಾರೆ" ಎನ್ನುತ್ತಿದ್ದ. ಅವನ ತಟ್ಟೆಯ ಮುದ್ದೆಯನ್ನೇ ಮುರಿದು, ಬಸ್ಸಾರಿನಲ್ಲಿ ಅದ್ದಿ, ನುಂಗಿ, ಬಾಯಿ ತೆರೆದು ತೋರಿಸಬೇಕಿತ್ತು. ಆಮೇಲೆ ಅದೇ ತಟ್ಟೆಯಿಂದ ಒಂದು ತುತ್ತು. ಪೌಷ್ಟಿಕ ಆಹಾರದ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ. ಮಾತ್ರೆ ಮತ್ತೆ ಶುರು ಮಾಡಿ ವಾರಗಳು ಕಳೆದ ಮೇಲೆ ತಾನೇ ಬಡಿಸಿಕೊಂಡ.

ಯೋಗವೂ ಬೇಕು. ನಿಮ್ಹಾನ್ಸ್‌ನವರು ಅದನ್ನು ಪರೀಕ್ಷಿಸಿ ಉಪಯೋಗವಿದೆ ಎಂದಿದ್ದಾರೆ, ಮಾತ್ರೆಯ ಜೊತೆಗೆ. ಆ 'ಜೊತೆಗೆ' ಎಂಬುದನ್ನು ನೆಂಟರು ಕೇಳಿಸಿಕೊಳ್ಳುವುದಿಲ್ಲ.

ಊಟದ ನಿಜವಾದ ಕೆಲಸ ನಮ್ಮ ಮನೆಯಲ್ಲಿ ಬೇರೆಯೇ. ಈ ಮಾತ್ರೆಗಳಲ್ಲಿ ಕೆಲವು ಹಸಿವು ಹೆಚ್ಚಿಸಿ ತೂಕ, ಸಕ್ಕರೆ ಏರಿಸುತ್ತವೆ. ಹಾಗಾಗಿ ಸೊಪ್ಪು, ಕಾಳು ಹೆಚ್ಚು, ಬೇಕರಿ ತಿಂಡಿ ಬಂದ್. ಎರಡನೆಯ ಮುದ್ದೆಗೆ ದಿನವೂ ಜಗಳ. ನಿನ್ನೆ ಅರ್ಧಕ್ಕೆ ರಾಜಿಯಾಯಿತು. ಉಳಿದರ್ಧವನ್ನು ಅವನೇ ನನ್ನ ತಟ್ಟೆಗೆ ಹಾಕಿದ.