ಬೀಟ್‌ರೂಟ್ ತಿಂದ್ರೆ ರಕ್ತ ಆಗಲ್ವಾ?

ಆಗಲ್ಲ. ಅವಸರದಲ್ಲಿರುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ನನಗಿರುವುದು ಅಪ್ಲಾಸ್ಟಿಕ್ ಅನೀಮಿಯಾ. ರಕ್ತಕಣ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ರಕ್ತಕಣ ಹುಟ್ಟಿಸುವ ಸ್ಟೆಮ್ ಸೆಲ್‌ಗಳನ್ನು ನನ್ನದೇ ಬಿಳಿಕಣಗಳು ಹೊಡೆದುಹಾಕಿವೆ. ಆ ಜಾಗದಲ್ಲೀಗ ಬರೀ ಕೊಬ್ಬು. ಗಿರಣಿಯೇ ಕೆಟ್ಟು ಕೂತಿರುವಾಗ ರಾಗಿ ಸುರಿದರೆ ಹಿಟ್ಟು ಬಂದೀತೇ?

ಇಷ್ಟು ಹೇಳಿದ ಮೇಲೂ “ಆದ್ರೂ ತಿಂದ್ರೆ ನಷ್ಟ ಏನು?” ಅನ್ನುತ್ತಾರೆ. ಆ “ಆದ್ರೂ” ಕೇಳಿದರೆ ಮೈ ಉರಿಯುತ್ತದೆ. ಹೋದ ವರ್ಷ ನೆಂಟರ ಗೃಹಪ್ರವೇಶ. ಹಸಿ ಕೋಸಂಬರಿ ನಾನು ಮುಟ್ಟುವಂತಿಲ್ಲ, ಸೋಂಕಿನ ಭಯ. ದೊಡ್ಡಮ್ಮ ಪಕ್ಕದಲ್ಲೇ ನಿಂತು, “ನಿಂಗೋಸ್ಕರಾನೇ ಮಾಡ್ಸಿದ್ದು ಕಣೆ” ಎಂದು ಬಿಸಿ ಬೀಟ್‌ರೂಟ್ ಪಲ್ಯ ಎಲೆ ತುಂಬ ಬಡಿಸಿದರು. ತಿಂದೆ. ಮರುದಿನ ಬೆಳಿಗ್ಗೆ ಮೂತ್ರ ಕೆಂಪಗೆ! ರಕ್ತ ಹೆಪ್ಪುಗಟ್ಟಿಸಿ ಸೋರಿಕೆ ನಿಲ್ಲಿಸುವ ಕಣವೇ ಪ್ಲೇಟ್‌ಲೆಟ್. ಆರೋಗ್ಯವಂತರ ಪ್ಲೇಟ್‌ಲೆಟ್ 1.5 ಲಕ್ಷದ ಮೇಲಿರುತ್ತದೆ. ನನ್ನದು 20 ಸಾವಿರ ದಾಟಿದರೆ ಮನೆಯಲ್ಲಿ ಪಾಯಸ. ಅಂಥವಳಿಗೆ ಬಚ್ಚಲಲ್ಲಿ ಕೆಂಪು ಕಂಡರೆ ಜೀವ ಬಾಯಿಗೆ ಬರದೇ ಇದ್ದೀತೇ? ಆಸ್ಪತ್ರೆಗೆ ಓಡಿ ಪರೀಕ್ಷೆ ಮಾಡಿಸಿದರೆ, ರಕ್ತ ಅಲ್ಲ, ಪಲ್ಯದ ಬಣ್ಣ. ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳಿದೆ. “ನೋಡ್ದಾ, ಮೈಗೆ ಹತ್ತಾ ಇದೆ!” ಅಂದರು.

ಇನ್ನು ಬೆಲ್ಲ, ಖರ್ಜೂರ, ನುಗ್ಗೆಸೊಪ್ಪಿನವರು. “ಐರನ್ ಇದೆ, ತಗೋ.” ಸ್ವಾಮೀ, ನನ್ನಲ್ಲಿ ಐರನ್ ವಿಪರೀತ ಆಗಿದೆ. ಕೆಂಪುಕಣದ ಒಂದೊಂದು ಚೀಲ ಏರಿಸಿದಾಗಲೂ 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಗೆ ಸೇರುತ್ತದೆ. ಹೆಚ್ಚಾದದ್ದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಲಿವರ್‌ನಲ್ಲಿ, ಹೃದಯದಲ್ಲಿ ಹೋಗಿ ಕೂರುತ್ತದೆ. ಅದನ್ನು ತೆಗೆಯಲೆಂದೇ ದಿನಾ ಖಾಲಿ ಹೊಟ್ಟೆಗೆ ಡೆಫೆರಾಸಿರಾಕ್ಸ್ ಮಾತ್ರೆ ಕದಡಿ ಕುಡಿಯುತ್ತೇನೆ. ನೀವು ಪ್ರೀತಿಯಿಂದ ಡಬ್ಬಿ ಕಟ್ಟಿ ಕೊಡುವುದನ್ನೇ ತೆಗೆಸಲು ನಾನು ದುಡ್ಡು ಸುರಿಯುತ್ತಿದ್ದೇನೆ.

ಪಪ್ಪಾಯಿ ಎಲೆ ರಸದವರ ಜೊತೆ ನಾನು ಮಾತು ಬಿಟ್ಟಿದ್ದೇನೆ.

ಇಷ್ಟೆಲ್ಲ ಕೇಳುವವರಲ್ಲಿ “ನಿಂದು ಯಾವ ಗ್ರೂಪು? ಪ್ಲೇಟ್‌ಲೆಟ್ ಯಾವಾಗ ಬೇಕು?” ಅಂತ ಕೇಳಿದವರು ಅಪರೂಪ. ದಾನಿಯಿಂದ ತೆಗೆದ ಪ್ಲೇಟ್‌ಲೆಟ್ ಸಾಮಾನ್ಯವಾಗಿ 5 ದಿನವಷ್ಟೇ ಬಾಳುವುದು, ಅದೂ 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುತ್ತಲೇ ಇಟ್ಟರೆ. ಕೂಡಿಡಲಾಗದು. ದೀಪಾವಳಿಗೆ ಬೆಂಗಳೂರು ಖಾಲಿಯಾದರೆ ನನಗೆ ಹಬ್ಬದ ಊಟ ಗಂಟಲಲ್ಲಿ ಇಳಿಯುವುದಿಲ್ಲ. “ನಿನ್ನ ತಮ್ಮನೇ ಕೊಡಬಹುದಲ್ಲ?” ಕೂಡದು. ಮುಂದೆ ಅವನ ಮಜ್ಜೆಯನ್ನೇ ನನಗೆ ಕಸಿ ಮಾಡಬೇಕಾಗಬಹುದು. ಈಗಲೇ ಅವನ ರಕ್ತ ಏರಿಸಿದರೆ ನನ್ನ ದೇಹ ಅದರ ವಿರುದ್ಧ ತಿರುಗಿಬಿದ್ದೀತು. ಹಾಗಾಗಿ ರಕ್ತಸಂಬಂಧ ಇಲ್ಲದವರೇ ಬೇಕು, ಅಂದರೆ ನೀವು. ಒಂದೆರಡು ಗಂಟೆಯ ಕೆಲಸ. ಯಂತ್ರ ಪ್ಲೇಟ್‌ಲೆಟ್ ಮಾತ್ರ ಇಟ್ಟುಕೊಂಡು ಉಳಿದ ರಕ್ತವನ್ನು ನಿಮಗೇ ವಾಪಸ್ ಕೊಡುತ್ತದೆ.

ನನ್ನದು ಬಿ ಪಾಸಿಟಿವ್. ಹಬ್ಬಕ್ಕೆ ಊರಿಗೆ ಬಸ್ ಹತ್ತುವ ಮೊದಲು ಒಂದು ಫೋನ್ ಮಾಡಿ.