ಬ್ಯಾಂಬರ್ಗ್, ಪಿಲ್ಸೆನ್, ಪ್ರಾಗ್: ಬಿಯರ್ ಊರುಗಳಿಗೆ ಚಳಿಗಾಲದ ಕಾರು ಪ್ರಯಾಣ

ಜರ್ಮನಿಯ ಮ್ಯೂನಿಕ್‌ನಿಂದ ಹೊರಟು ಬ್ಯಾಂಬರ್ಗ್, ನ್ಯೂರೆಂಬರ್ಗ್, ಆಮೇಲೆ ಚೆಕ್ ದೇಶದ ಪಿಲ್ಸೆನ್ ನೋಡಿಕೊಂಡು ಪ್ರಾಗ್ ಸೇರಿದೆವು. ಡಿಸೆಂಬರ್ ಕೊನೆಯ ವಾರ, ಕಾರಿನಲ್ಲಿ ನಾವು ಎರಡು ಜೋಡಿ. ಹೋಗುವವರಿಗೆ ಮೊದಲ ಮಾತು: ಬ್ರೂವರಿ ಇರುವ ಊರಿನಲ್ಲೇ ಆ ರಾತ್ರಿ ಉಳಿಯಿರಿ. ಯಾಕೆ ಅಂತ ಪಿಲ್ಸೆನ್ ಬಂದಾಗ ಹೇಳುತ್ತೇನೆ.

ಹೊರಟ ಒಂದೇ ಗಂಟೆಗೆ ಎಡವಟ್ಟಾಯಿತು. ಗಾಜು ತೊಳೆಯುವ ಟ್ಯಾಂಕಿಗೆ ನಾನು ಬರೀ ನೀರು ತುಂಬಿಸಿದ್ದೆ. ಮುಂದಿನ ಲಾರಿ ಉಪ್ಪು ಬೆರೆತ ಕೆಸರು ಎರಚಿತು, ಗಾಜೆಲ್ಲ ಬೆಳ್ಳಗಾಯಿತು. ಗುಂಡಿ ಒತ್ತಿದರೆ ಹನಿ ನೀರಿಲ್ಲ, ಹೆಪ್ಪುಗಟ್ಟಿತ್ತು! ಮೈನಸ್ 20ರವರೆಗೂ ಹೆಪ್ಪುಗಟ್ಟದ ದ್ರವ ಪೆಟ್ರೋಲ್ ಬಂಕಿನಲ್ಲೇ ಸಿಗುತ್ತದೆ, ಹಾಕಿಸಿಕೊಳ್ಳಿ. ಚಳಿಗಾಲದ ಟೈರ್ ಅಂತೂ ಬೇಕೇ ಬೇಕು.

ಬ್ಯಾಂಬರ್ಗ್‌ಗೆ ಮಧ್ಯಾಹ್ನದೊಳಗೆ ತಲುಪಿ. ನಾಲ್ಕೂವರೆಗೆಲ್ಲ ಕತ್ತಲು. ನದಿಯ ನಡುವೆ ಕಟ್ಟಿದ ಹಳೇ ಪುರಭವನವನ್ನು ಬೆಳಕಿದ್ದಾಗಲೇ ನೋಡಬೇಕು, ಬಿಯರ್ ಎಲ್ಲೂ ಓಡಿಹೋಗುವುದಿಲ್ಲ. ಇಲ್ಲಿನ ವಿಶೇಷ ಹೊಗೆ ಬಿಯರ್. ಮೊಳಕೆ ಬಂದ ಬಾರ್ಲಿಯನ್ನು ಬೀಚ್ ಮರದ ಬೆಂಕಿಯ ಮೇಲೆ ಒಣಗಿಸುತ್ತಾರೆ, ಆ ಹೊಗೆ ಬಿಯರಿಗೂ ಇಳಿಯುತ್ತದೆ. ಹೊಗೆ ಬಿಯರಿಗೆ ಹೆಸರಾದ ಶ್ಲೆಂಕರ್ಲಾ ಪಬ್ಬಿನಲ್ಲಿ ಗ್ಲಾಸ್ ಮೂಗಿನ ಹತ್ತಿರ ತಂದೆ. ಅಜ್ಜಿ ಮನೆಯ ಬಚ್ಚಲ ಹಂಡೆ ಒಲೆ ನೆನಪಾಯಿತು! ಮೊದಲ ಗುಟುಕಿಗೆ ಮುಖ ಸಿಂಡರಿಸಿದ ಗೆಳೆಯ ಎರಡನೇ ಗ್ಲಾಸನ್ನು ತಾನೇ ಕೇಳಿದ. ಊಟ ಮಾತ್ರ ಹೆಚ್ಚಾಗಿ ಹಂದಿ ಮಾಂಸ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಜೊತೆಗಿಟ್ಟುಕೊಳ್ಳಿ.

ನ್ಯೂರೆಂಬರ್ಗ್‌ಗೆ ಅಲ್ಲಿಂದ 60 ಕಿ.ಮೀ. ಕ್ರಿಸ್‌ಮಸ್ ಮಾರುಕಟ್ಟೆಗಾಗಿ ಹೋಗುವವರು ಗಮನಿಸಿ, ಅದು 24ಕ್ಕೇ ಮುಗಿಯುತ್ತದೆ. ನಾವು ಹೋದಾಗ ಚೌಕ ಖಾಲಿ. ಕೋಟೆ ಹತ್ತಿ ಇಳಿದು ಮುಂದೆ ಹೊರಟೆವು.

ಗಡಿ ದಾಟುವ ಮೊದಲೇ ಚೆಕ್ ಹೆದ್ದಾರಿಯ ವಿನ್ಯೆಟ್, ಅಂದರೆ ರಸ್ತೆ ಶುಲ್ಕದ ಪಾಸ್, ಆನ್‌ಲೈನ್‌ನಲ್ಲಿ ಕೊಳ್ಳಿ. ಸರ್ಕಾರಿ ತಾಣದಲ್ಲೇ ಕೊಳ್ಳಿ, ಮಧ್ಯವರ್ತಿಗಳು ಜಾಸ್ತಿ ಕೀಳುತ್ತಾರೆ. ಸ್ಟಿಕ್ಕರ್ ಅಂಟಿಸುವ ಕಾಲ 2021ಕ್ಕೇ ಮುಗಿಯಿತು, ಈಗ ಕಾರಿನ ನಂಬರ್ ನಮೂದಿಸಿದರೆ ಸಾಕು. ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು.

ಇನ್ನು ಪಿಲ್ಸೆನ್. 1838ರಲ್ಲಿ ಕೆಟ್ಟ ಬಿಯರ್‌ನಿಂದ ರೋಸಿಹೋದ ಊರವರು 36 ಪೀಪಾಯಿ ಬಿಯರನ್ನು ಪುರಭವನದ ಎದುರು ಚೆಲ್ಲಿದರಂತೆ. ಆಮೇಲೆ ತಾವೇ ಬ್ರೂವರಿ ಕಟ್ಟಿ, ಬವೇರಿಯಾದ ಯೋಸೆಫ್ ಗ್ರೋಲ್‌ನನ್ನು ಕರೆಸಿದರು. 1842ರಲ್ಲಿ ಅವನು ತಯಾರಿಸಿದ ಹೊಂಬಣ್ಣದ ಬಿಯರೇ ಇವತ್ತು ಜಗತ್ತೆಲ್ಲ ಕುಡಿಯುವ ಪಿಲ್ಸ್‌ನರ್‌ನ ಮೂಲ. ಆ ಬ್ರೂವರಿಯನ್ನು ಸುತ್ತಿ ನೋಡಲು ಟಿಕೆಟ್ ಮೊದಲೇ ಕಾದಿರಿಸಿ. ಜಾಕೆಟ್ ಬಿಚ್ಚಬೇಡಿ, ನೆಲಮಾಳಿಗೆ ತಣ್ಣಗಿರುತ್ತದೆ. ಕೊನೆಗೆ ಅಲ್ಲೇ ಓಕ್ ಪೀಪಾಯಿಯಿಂದ ಸೋಸದ ಬಿಯರ್ ಹಿಡಿದು ಕೊಡುತ್ತಾರೆ.

ಆ ದಿನ ಕೀಲಿ ನನ್ನ ಜೇಬಿನಲ್ಲಿತ್ತು. ಸಂಜೆಯೇ ಪ್ರಾಗ್ ಸೇರಬೇಕಿತ್ತು. ಚೆಕ್ ದೇಶದಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ ಮದ್ಯ ಸೊನ್ನೆ ಇರಬೇಕು, ಒಂದು ಗುಟುಕಿಗೂ ಅವಕಾಶವಿಲ್ಲ. ಗ್ಲಾಸ್ ಹಿಡಿದು, ನೊರೆ ನೋಡಿ, ಗೆಳೆಯನಿಗೆ ಕೊಟ್ಟೆ. ಅವನು ಎರಡನ್ನೂ ಕುಡಿದು "ಪರವಾಗಿಲ್ಲ ಕಣೋ, ಅಂಥದ್ದೇನಿಲ್ಲ" ಅಂದ. ಪುಣ್ಯಾತ್ಮ! ಹಿಂದಿನ ರಾತ್ರಿ ಜಾಸ್ತಿ ಕುಡಿದಿದ್ದರೆ ಬೆಳಗ್ಗೆಯೂ ಸ್ಟೇರಿಂಗ್ ಮುಟ್ಟಬೇಡಿ.

ಪ್ರಾಗ್ ಅಲ್ಲಿಂದ 90 ಕಿ.ಮೀ. ನೀಲಿ ಗೆರೆಯ ಪಾರ್ಕಿಂಗ್ ಸ್ಥಳೀಯರಿಗೆ, ಅಲ್ಲಿ ನಿಲ್ಲಿಸಬೇಡಿ. ಪಾರ್ಕಿಂಗ್ ಇರುವ ಹೋಟೆಲ್ ಹಿಡಿದು, ಊರನ್ನು ಟ್ರಾಮ್, ಮೆಟ್ರೋದಲ್ಲಿ ಸುತ್ತಿ. ಚಾರ್ಲ್ಸ್ ಸೇತುವೆಗೆ ಬೆಳಗಿನ ಜಾವ ಹೋದರೆ ಜನ ಕಡಿಮೆ. 1499ರಿಂದ ಬಿಯರ್ ತಯಾರಿಸುತ್ತಿರುವ ಉ ಫ್ಲೆಕು ಪಬ್ಬಿನ ವಿಶೇಷ ಕಪ್ಪು ಬಿಯರ್. ಗ್ಲಾಸ್ ಖಾಲಿಯಾಗುತ್ತಿದ್ದಂತೆ ಇನ್ನೊಂದು ಬಂದು ಕೂರುತ್ತದೆ, ಚೀಟಿಯಲ್ಲಿ ಒಂದು ಗೆರೆ ಬೀಳುತ್ತದೆ. ಸಾಕು ಅನ್ನಿಸಿದರೆ ಬಾಯಿಬಿಟ್ಟು ಹೇಳಿ. ನಾನು ಹೇಳಲು ಆತುರಪಡಲಿಲ್ಲ. ಕಾರು ಹೋಟೆಲಿನಲ್ಲಿತ್ತು, ಕೀಲಿ ಗೆಳೆಯನ ಹೆಂಡತಿಯ ಕೈಯಲ್ಲಿ.